ಹಡಗಿನ ತಟ್ಟೆಯಲ್ಲಿ ಬಾಲ ಮಾತ್ರ ಯಾಕಿತ್ತು?

ನಮ್ಮ ಭಾವ ಹೋದ ವರ್ಷ ಮಗನ ಮನೆಗೆಂದು ಅಮೆರಿಕಕ್ಕೆ ಹೋದವರು, ಅಲ್ಲಿಂದ ಕೆರಿಬಿಯನ್ ಸಮುದ್ರದಲ್ಲಿ ಏಳು ದಿನ ಕ್ರೂಸ್ ಹಡಗಿನಲ್ಲಿ ಸುತ್ತಿ ಬಂದರು. ತೀರ್ಥಹಳ್ಳಿಗೆ ವಾಪಸ್ ಬಂದ ಮೇಲೆ ಮನೆಗೆ ಬಂದವರಿಗೆಲ್ಲ ಅವರು ಮೊದಲು ತೋರಿಸಿದ್ದು ಒಂದು ತಟ್ಟೆಯ ಫೋಟೋ. ಉದ್ದಕ್ಕೆ ಸೀಳಿದ ಕೆಂಪು ಚಿಪ್ಪು, ಅದರ ಮೇಲೆ ಬೆಳ್ಳಗೆ ಉಬ್ಬಿದ ಮಾಂಸ, ಪಕ್ಕದಲ್ಲಿ ಕರಗಿಸಿದ ಬೆಣ್ಣೆಯ ಪುಟ್ಟ ಬಟ್ಟಲು, ಒಂದು ಹೋಳು ನಿಂಬೆಹಣ್ಣು.

"ಲಾಬ್‌ಸ್ಟರ್ ಮಾರಾಯ, ಫ್ರೆಶ್! ಸಮುದ್ರದ ಮೇಲೇ ಇರ್ತೀವಲ್ಲ, ಹಿಡಿದ ಕೂಡ್ಲೆ ಬೇಯಿಸಿ ಕೊಡ್ತಾರೆ."

ಲಾಬ್‌ಸ್ಟರ್ ಅಂದರೆ ಏಡಿ, ಸಿಗಡಿಯ ಬಳಗದ, ಚಿಪ್ಪಿರುವ ದೊಡ್ಡ ಸಮುದ್ರ ಜೀವಿ. ಭಾವನ ಮಾತು ಕೇಳಿ ನನಗೆ ಅಲ್ಲೇ ಅನುಮಾನ ಬಂತು. ಕ್ರೂಸ್ ಹಡಗಿನವರು ಬಲೆ ಹಾಕುತ್ತಾ ಹೋಗುವುದಿಲ್ಲ. ಅದು ತೇಲುವ ಹೋಟೆಲ್ಲು. ಹೊರಡುವ ಬಂದರಿನಲ್ಲಿ ಅಕ್ಕಿ, ಮೊಟ್ಟೆ, ಮಾಂಸ ಎಲ್ಲ ಲಾರಿಗಟ್ಟಲೆ ತುಂಬಿಕೊಂಡೇ ಹೊರಡುತ್ತದೆ. ಇನ್ನೊಂದು ವಿಷಯ, ಫೋಟೋದಲ್ಲಿ ಇದ್ದದ್ದು ಬರೀ ಬಾಲ. ತಲೆ ಎಲ್ಲಿ ಹೋಯಿತು?

"ಭಾವ, ಇದು ಲಾಬ್‌ಸ್ಟರ್ ಹೌದು. ಆದ್ರೆ ಫ್ರೆಶ್ ಅಲ್ಲ," ಅಂದೆ. ಅವರಿಗೆ ಸಿಟ್ಟು ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಿನಿಮಾದಲ್ಲಿ ಕಾಣುವ ಲಾಬ್‌ಸ್ಟರಿಗೆ ನಮ್ಮ ಏಡಿಗಿರುವಂಥ ದಪ್ಪ ಕೊಂಡಿ ಎರಡಿರುತ್ತವೆ. ಅದು ಅಮೆರಿಕನ್ ಲಾಬ್‌ಸ್ಟರ್, ಅಮೆರಿಕದ ಮೇನ್ ರಾಜ್ಯ ಮತ್ತು ಕೆನಡಾ ಕಡೆಯ ತಣ್ಣನೆ ನೀರಿನದು. ಕೆರಿಬಿಯನ್ನಿನ ಬೆಚ್ಚನೆ ನೀರಿನಲ್ಲಿ ಸಿಗುವುದು ಬೇರೆ ಕುಟುಂಬ, ಸ್ಪೈನಿ ಲಾಬ್‌ಸ್ಟರ್. ಮೈತುಂಬ ಮುಳ್ಳು, ಚಾಟಿಯಂಥ ಎರಡು ಮೀಸೆ, ಕೊಂಡಿ ಇಲ್ಲವೇ ಇಲ್ಲ. ತಿನ್ನುವ ಮಾಂಸವೆಲ್ಲ ಹೆಚ್ಚುಕಮ್ಮಿ ಬಾಲದಲ್ಲೇ. ನಮ್ಮ ಅರಬ್ಬಿ ಸಮುದ್ರದಲ್ಲೂ ಈ ಕುಟುಂಬದವು ಸಿಗುತ್ತವೆ. ಹಡಗಿನಲ್ಲಿ ಎಲ್ಲರೂ ಕೋಟು ಸೀರೆ ಹಾಕಿಕೊಂಡು ಊಟಕ್ಕೆ ಕೂರುವ ರಾತ್ರಿ ಬಡಿಸುವ ಬಾಲ ಸಾಮಾನ್ಯವಾಗಿ ಫ್ರೀಜರಿನಿಂದ ಬಂದದ್ದೇ.

ಯಾಕೆ ಅನ್ನುವುದಕ್ಕೆ ಸಮುದ್ರದವರೆಗೆ ಹೋಗಬೇಕಾಗಿಲ್ಲ. ನಮ್ಮ ಅಜ್ಜಿಗೆ ಗೊತ್ತಿತ್ತು.

ಮಳೆಗಾಲ ಶುರುವಾದರೆ ರಾತ್ರಿ ಬ್ಯಾಟರಿ ಹಿಡಿದುಕೊಂಡು ಗದ್ದೆ ಅಂಚಿಗೆ ಏಡಿ ಹಿಡಿಯಲು ಹೋಗುತ್ತಿದ್ದೆವು. ತಗಡಿನ ಡಬ್ಬಕ್ಕೆ ಹಾಕಿ ಮೇಲೆ ಕಲ್ಲು ಹೇರಿ ಇಟ್ಟರೆ ರಾತ್ರಿಯಿಡೀ ಕರಕರ ಸದ್ದು. ಬೆಳಿಗ್ಗೆ ಅಜ್ಜಿ ಒಂದೊಂದನ್ನೇ ಎತ್ತಿ, ಕಡ್ಡಿ ತುದಿಯಿಂದ ಅದರ ಕಣ್ಣು ಮುಟ್ಟುತ್ತಿದ್ದಳು. ಏಡಿಯ ಕಣ್ಣು ಪುಟ್ಟ ಕಾಂಡದ ಮೇಲಿರುತ್ತದಲ್ಲ, ಜೀವ ಇದ್ದರೆ ಅದು ಕಣ್ಣನ್ನು ಪಟಕ್ಕನೆ ಗುಳಿಯೊಳಗೆ ಮಡಚಿಕೊಳ್ಳುತ್ತದೆ. ಮಡಚದಿದ್ದರೆ ಆ ಏಡಿ ಅಡಿಕೆ ಮರದ ಬುಡಕ್ಕೆ. ಎಷ್ಟೇ ದಪ್ಪ ಇರಲಿ, ನಾವು ಎಷ್ಟೇ ಗೋಗರೆಯಲಿ, ಸಾರಿಗೆ ಬೀಳುತ್ತಿರಲಿಲ್ಲ. ಒಂದು ಸಲ ನಾನು ಕದ್ದು ಅಂಥದ್ದೊಂದನ್ನು ಒಲೆಯ ಕೆಂಡದಲ್ಲಿ ಸುಟ್ಟು ಬಿಚ್ಚಿ ನೋಡಿದ್ದೆ. ಒಳಗೆ ಮಾಂಸದ ಎಳೆಯೇ ಇರಲಿಲ್ಲ, ಹಿಟ್ಟು ಕಲಸಿದ ಹಾಗೆ ಮೆತ್ತಗೆ.

ಆ ಮೆತ್ತಗಾಗುವಿಕೆಯೇ ಇಡೀ ಲಾಬ್‌ಸ್ಟರ್ ವ್ಯಾಪಾರದ ತಲೆನೋವು. ಏಡಿ, ಸಿಗಡಿ, ಲಾಬ್‌ಸ್ಟರ್ ಎಲ್ಲಕ್ಕೂ ಬೆನ್ನ ಚಿಪ್ಪಿನ ಕೆಳಗೆ ಗೊಜ್ಜಿನಂಥ ಒಂದು ಅಂಗ ಇದೆ. ನಮ್ಮ ಲಿವರ್ ಮತ್ತು ಮೇದೋಜೀರಕ ಗ್ರಂಥಿ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ. ತಿಂದ ಮಾಂಸವನ್ನು ಕರಗಿಸುವ ಕಿಣ್ವಗಳು ಅದರ ತುಂಬ ಇರುತ್ತವೆ. ಪ್ರಾಣಿ ಬದುಕಿರುವಷ್ಟು ಹೊತ್ತು ಅವು ತಮ್ಮ ಜಾಗದಲ್ಲೇ ಇರುತ್ತವೆ. ಸತ್ತ ಮೇಲೆ ಗೋಡೆ ಸಡಿಲವಾಗಿ ಹೊರಗೆ ಸೋರುತ್ತವೆ, ಆಮೇಲೆ ಯಾರ ಮಾಂಸ ಅಂತ ನೋಡುವುದಿಲ್ಲ, ಸ್ವಂತ ಮೈಯನ್ನೇ ಅರಗಿಸಲು ಶುರು ಮಾಡುತ್ತವೆ. ಜೊತೆಗೆ ಬ್ಯಾಕ್ಟೀರಿಯಾ ಬೇರೆ. ಸಮುದ್ರದ ಜೀವಿಗಳ ಮೈಯಲ್ಲಿರುವ ಟ್ರೈಮಿಥೈಲಮೀನ್ ಆಕ್ಸೈಡ್ ಅನ್ನುವುದಕ್ಕೆ ವಾಸನೆ ಇಲ್ಲ. ಬ್ಯಾಕ್ಟೀರಿಯಾ ಅದರಿಂದ ಆಕ್ಸಿಜನ್ ಕಿತ್ತುಕೊಂಡರೆ ಉಳಿಯುವ ಟ್ರೈಮಿಥೈಲಮೀನೇ ಮೀನಿನ ಸಂತೆಯ ವಾಸನೆ. ಅದು ಕ್ಷಾರ ಗುಣದ್ದು, ಹುಳಿ ಬಿದ್ದರೆ ಲವಣವಾಗಿ ಮೂಗಿಗೆ ಏರುವುದಿಲ್ಲ. ನಾವು ಮೀನು ಸಾರಿಗೆ ಹುಣಸೆಯನ್ನೋ ಉಪ್ಪಾಗೆ ಹುಳಿಯನ್ನೋ ಹಾಕುವುದಕ್ಕೆ, ಹಡಗಿನವರು ತಟ್ಟೆಗೆ ನಿಂಬೆ ಹೋಳು ಇಡುವುದಕ್ಕೆ ರುಚಿಯ ಜೊತೆಗೆ ಇದೂ ಒಂದು ಕಾರಣ.

ಹಾಗಾದರೆ ಇರುವುದು ಎರಡೇ ದಾರಿ. ಒಂದು, ಒಲೆಯವರೆಗೂ ಜೀವಂತ ಇಟ್ಟುಕೊಳ್ಳುವುದು. ಇನ್ನೊಂದು, ಹಿಡಿದ ಮೇಲೆ ಆದಷ್ಟು ಬೇಗ ಆ ಗೊಜ್ಜಿನ ಅಂಗ ಇರುವ ತಲೆ ಭಾಗವನ್ನು ಬೇರ್ಪಡಿಸಿ ಬಾಲವನ್ನು ಹೆಪ್ಪುಗಟ್ಟಿಸುವುದು. ಭಾವನ ತಟ್ಟೆಯಲ್ಲಿ ತಲೆ ಇಲ್ಲದ್ದು ಇದಕ್ಕೇ.

ಮೊದಲನೇ ದಾರಿ ಹಡಗಿಗೆ ಆಗುತ್ತದಾ, ಲೆಕ್ಕ ಹಾಕಿ ನೋಡೋಣ. ಹಡಗಿನಲ್ಲಿ 3,000 ಜನ, ತಲೆಗೊಂದು 150 ಗ್ರಾಂ ಬಾಲ ಅಂತಿಟ್ಟುಕೊಳ್ಳಿ. ಬಾಲವೇ 450 ಕೆಜಿ ಆಯಿತು. ಮೈತೂಕದಲ್ಲಿ ಬಾಲ ಸುಮಾರು ಮೂರರಲ್ಲಿ ಒಂದು ಪಾಲು, ಅಂದರೆ ಒಂದು ರಾತ್ರಿಯ ಊಟಕ್ಕೆ 1,300 ಕೆಜಿಗಿಂತ ಜಾಸ್ತಿ ಜೀವಂತ ಲಾಬ್‌ಸ್ಟರ್ ಬೇಕು. ಅವಕ್ಕೆ ತೊಟ್ಟಿ, ಸರಿಯಾದ ಬಿಸಿಯ ಉಪ್ಪುನೀರು, ಕಿವಿರಿನಿಂದ ಬಿಡುವ ಅಮೋನಿಯ ತೆಗೆಯುವ ಫಿಲ್ಟರು. ಕೊಂಡಿ ಇರುವ ಜಾತಿಯಾದರೆ ಒಂದನ್ನೊಂದು ಕಚ್ಚಿ ತಿನ್ನುತ್ತವೆ, ಅದಕ್ಕೇ ಅವುಗಳ ಕೊಂಡಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಅಲೆಗೆ ಓಲಾಡುವ ಹಡಗಿನಲ್ಲಿ ಇಷ್ಟನ್ನೂ ಯಾರು ನೋಡಿಕೊಳ್ಳುತ್ತಾರೆ? 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ಅನ್ನುವ ಹಡಗಿಗಂತೂ ಪೂರ್ತಿ ತುಂಬಿದರೆ 7,600 ಪ್ರಯಾಣಿಕರು ಹಿಡಿಸುತ್ತಾರೆ. ಅಷ್ಟು ಜನಕ್ಕೆ ತೊಟ್ಟಿ ಕಟ್ಟಿದರೆ ಈಜುಕೊಳವನ್ನೇ ಬಿಟ್ಟುಕೊಡಬೇಕಾದೀತು.

ಇಲ್ಲಿ ಭಾವ ಕೇಳಿದರು, "ಅಂದ್ರೆ ನಂಗೆ ಮೋಸ ಆಯ್ತಾ?"

ಇಲ್ಲ. ಫ್ರೋಜನ್ ಅಂದ ಕೂಡಲೇ ನಾವು ಮೂಗು ಮುರಿಯುವುದಕ್ಕೆ ಕಾರಣ ನಮ್ಮ ಮನೆಯ ಫ್ರಿಜ್ಜು. ಮಾಂಸದಲ್ಲಿರುವುದು ಬಹುಪಾಲು ನೀರು. ನಿಧಾನಕ್ಕೆ ಗಟ್ಟಿಯಾದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶದ ಪೊರೆಯನ್ನು ಹರಿದುಹಾಕುತ್ತವೆ, ಕರಗಿಸಿದಾಗ ರಸವೆಲ್ಲ ತಟ್ಟೆಗೆ ಇಳಿಯುತ್ತದೆ. ಬೇಗ ಗಟ್ಟಿಯಾದರೆ ಹರಳು ಚಿಕ್ಕದು, ಪೊರೆ ಬಚಾವು. ಇದನ್ನು ವ್ಯಾಪಾರಕ್ಕೆ ತಂದವನು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. 1910ರ ದಶಕದಲ್ಲಿ ಈಗ ಕೆನಡಾಕ್ಕೆ ಸೇರಿರುವ ಲ್ಯಾಬ್ರಡಾರಿನಲ್ಲಿದ್ದಾಗ, ಅಲ್ಲಿನ ಮೂಲನಿವಾಸಿಗಳಾದ ಇನ್ಯೂಯಿಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ತಕ್ಷಣ ಹೆಪ್ಪುಗಟ್ಟುವುದನ್ನೂ, ತಿಂಗಳುಗಳ ನಂತರ ಕರಗಿಸಿದರೂ ರುಚಿ ಇರುವುದನ್ನೂ ನೋಡಿದ. 1920ರ ದಶಕದಲ್ಲಿ ಬೇಗ ಹೆಪ್ಪುಗಟ್ಟಿಸುವ ಯಂತ್ರ ಮಾಡಿದ. ಈಗ ಕಾರ್ಖಾನೆಗಳಲ್ಲಿ ಮೈನಸ್ 30, 40 ಡಿಗ್ರಿಯ ಗಾಳಿ ಊದಿ ಗಟ್ಟಿ ಮಾಡಿ, ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ ಇಡುತ್ತಾರೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ಫ್ರೀಜರಿನ ಮೀನು ಮೂರು ಸಲ ಕರಗಿ ಮೂರು ಸಲ ಗಟ್ಟಿಯಾಗುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ನನ್ನನ್ನು ಕೇಳಿದರೆ, ಸತ್ತು ಅರ್ಧ ದಿನ ಐಸಿನ ಮೇಲೆ ಮಲಗಿದ "ಫ್ರೆಶ್" ಲಾಬ್‌ಸ್ಟರಿಗಿಂತ ಹಿಡಿದ ದಿನವೇ ಹೆಪ್ಪುಗಟ್ಟಿದ ಬಾಲ ಸಾವಿರ ಪಾಲು ವಾಸಿ.

ಕೆಂಪು ಬಣ್ಣ ನೋಡಿ ತಾಜಾ ಅಂದುಕೊಳ್ಳುವುದೂ ಸುಮ್ನೆ. ಅಸ್ಟಾಜಾಂಥಿನ್ ಅನ್ನುವ ಕೆಂಪು ಬಣ್ಣ ಚಿಪ್ಪಿನಲ್ಲಿ ಮೊದಲೇ ಇರುತ್ತದೆ, ಒಂದು ಪ್ರೋಟೀನಿಗೆ ಅಂಟಿಕೊಂಡು ಮುಚ್ಚಿಹೋಗಿರುತ್ತದೆ ಅಷ್ಟೆ. ಬಿಸಿ ತಾಗಿ ಪ್ರೋಟೀನು ಬಿಚ್ಚಿದರೆ ಕೆಂಪು ಹೊರಗೆ ಬರುತ್ತದೆ. ಹಸಿಯಾಗಿ ಹೆಪ್ಪುಗಟ್ಟಿಸಿದ ಬಾಲ ಬೇಯಿಸಿದರೂ ಅಷ್ಟೇ ಕೆಂಪು.

"ಆದ್ರೆ ಸ್ವಲ್ಪ ರಬ್ಬರ್ ಥರ ಇತ್ತು," ಅಂತ ಆಮೇಲೆ ಮೆಲ್ಲಗೆ ಒಪ್ಪಿಕೊಂಡರು ಭಾವ. ಅದಕ್ಕೆ ಬಹುಶಃ ಫ್ರೀಜರು ಕಾರಣ ಅಲ್ಲ. ಲಾಬ್‌ಸ್ಟರ್ ಮಾಂಸ 60 ಡಿಗ್ರಿ ಆಸುಪಾಸಿನಲ್ಲಿ ಬೆಂದು ಹದಕ್ಕೆ ಬರುತ್ತದೆ. ಇನ್ನೂ ಮೇಲೆ ಹೋದರೆ ಎಳೆಗಳು ಬಿಗಿದು ನೀರು ಹಿಂಡಿ ಹಾಕುತ್ತವೆ. ಸಾವಿರಾರು ತಟ್ಟೆಗೆ ಒಟ್ಟಿಗೆ ಬೇಯಿಸಿ, ಬಡಿಸುವವರೆಗೆ ಬಿಸಿ ಪೆಟ್ಟಿಗೆಯಲ್ಲಿ ಇಡುವಾಗ ಅದು ಒಳಗೊಳಗೇ ಬೇಯುತ್ತಲೇ ಇರುತ್ತದೆ. ನಮ್ಮ ಮದುವೆ ಮನೆಯ ಕೊನೆ ಪಂಕ್ತಿಗೆ ಬರುವ ಸಿಗಡಿ ಫ್ರೈ ಹೇಗಿರುತ್ತದೆ, ಹಾಗೆ.

ಅಸಲಿಯಾ ನಕಲಿಯಾ ಅಂತ ಅನುಮಾನ ಪಡಬೇಕಾದದ್ದು ಚಿಪ್ಪಿಲ್ಲದೆ ಬರುವ ತುಂಡುಗಳನ್ನು. ಸೂಪು, ಸಲಾಡಿನಲ್ಲಿ ಲಾಂಗೊಸ್ಟಿನೊ ಅನ್ನುವ ಬೇರೆಯೇ ಪುಟ್ಟ ಜೀವಿ ಲಾಬ್‌ಸ್ಟರ್ ಹೆಸರಿನ ಜೊತೆ ಸೇರಿಕೊಂಡು ಬರುವುದಿದೆ. ಮೀನಿನ ಮಾಂಸ ಅರೆದು ಬಣ್ಣ ಹಚ್ಚಿದ ಸುರಿಮಿಯೂ ಇರಬಹುದು. ಚಿಪ್ಪಿನ ಸಮೇತ ಬಂದ ಬಾಲವನ್ನು ನಕಲು ಮಾಡುವುದು ಕಷ್ಟ.

ನಿಜವಾಗಿ ಜೀವಂತ ಇದ್ದದ್ದೇ ಬೇಕಂದರೆ ಮೇನ್ ರಾಜ್ಯದ ಬಾರ್ ಹಾರ್ಬರಿನಂಥ ಕಡೆ ಹಡಗು ನಿಂತಾಗ ಕೆಳಗಿಳಿದು, ತೊಟ್ಟಿಯಿಂದ ಎತ್ತಿ ಕಣ್ಣೆದುರೇ ಬೇಯಿಸಿ ಕೊಡುವ ಅಂಗಡಿಗೆ ಹೋಗಬೇಕು. ಭಾವ ಮುಂದಿನ ಸಲ ಅಲಾಸ್ಕಾ ಕಡೆ ಹೋಗುವ ಹಡಗು ನೋಡುತ್ತಿದ್ದಾರೆ, ಅಲ್ಲಿ ಕಿಂಗ್ ಕ್ರ್ಯಾಬ್ ಸಿಗುತ್ತದಂತೆ, ಅದಾದರೂ ಫ್ರೆಶ್ ಇರಬೇಕಲ್ಲ ಅಂತ. ಆ ಏಡಿಯ ಕಾಲುಗಳು ಕೂಡ ಹೆಚ್ಚಾಗಿ ಕಾರ್ಖಾನೆಯಲ್ಲೇ ಬೆಂದು ಹೆಪ್ಪುಗಟ್ಟಿ ಬರುತ್ತವೆ. ಇದನ್ನು ಅವರಿಗೆ ಇನ್ನೂ ಹೇಳಿಲ್ಲ.