ಕೈ ನೋಯುತ್ತಿದ್ದರೆ ಮೊದಲು ಸೀಟು ನೋಡಿ: ದೂರದ ಸವಾರಿಗೆ ಸೈಕಲ್ ಫಿಟ್

ಬ್ರೆವೆ ಅಂದರೆ ಸ್ಪರ್ಧೆಯಲ್ಲ, ಆದರೆ ಸಮಯದ ಗಡುವು ಇರುವ ದೂರದ ಸೈಕಲ್ ಸವಾರಿ. 200 ಕಿಲೋಮೀಟರ್ ಬ್ರೆವೆಗೆ ಕೊಡುವ ಸಮಯ ಹದಿಮೂರೂವರೆ ಗಂಟೆ. ಅದರಲ್ಲಿ ಹತ್ತು ಗಂಟೆ ತುಳಿಯುತ್ತೀರಿ ಅಂದುಕೊಳ್ಳಿ. ನಿಮಿಷಕ್ಕೆ 80 ಸುತ್ತಿನ ಲೆಕ್ಕದಲ್ಲಿ ಒಂದೊಂದು ಮಂಡಿಯೂ 48,000 ಸಲ ಮಡಚಿ ಬಿಚ್ಚುತ್ತದೆ. ಸೀಟು ಒಂದು ಸೆಂಟಿಮೀಟರ್ ತಗ್ಗಾಗಿದ್ದರೆ ಅಂಗಡಿಗೆ ಹೋಗಿ ಬರುವಾಗ ಗೊತ್ತೇ ಆಗುವುದಿಲ್ಲ. ನೂರು ಕಿಲೋಮೀಟರ್ ದಾಟುವ ಹೊತ್ತಿಗೆ ಮಂಡಿಗೆ ಗೊತ್ತಾಗುತ್ತದೆ.

ಫಿಟ್, ಅಂದರೆ ಸೈಕಲ್ಲನ್ನು ಮೈಗೆ ಹೊಂದಿಸುವುದನ್ನು, ಕಲಿಯುವವರು ಮೊದಲು ಹಿಡಿಯಬೇಕಾದದ್ದು ಕ್ರಮ. ಮೈ ಸೈಕಲ್ಲಿಗೆ ತಾಗುವುದು ಮೂರು ಕಡೆ: ಪಾದ, ಸೀಟು, ಕೈ. ಹೊಂದಿಸುವುದೂ ಇದೇ ಸಾಲಿನಲ್ಲಿ. ತುಂಬಾ ಜನ ಉಲ್ಟಾ ಮಾಡುತ್ತಾರೆ. ಕೈ ಜೋಮು ಹಿಡಿಯಿತು ಅಂತ ಹೊಸ ಗ್ರಿಪ್ ಹಾಕುತ್ತಾರೆ, ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) ಬದಲಾಯಿಸುತ್ತಾರೆ, ದುಡ್ಡು ಖರ್ಚಾಗುತ್ತದೆ. ಜೋಮು ಮಾತ್ರ ಹೋಗುವುದಿಲ್ಲ. ಅದರ ಮೂಲ ಎಷ್ಟೋ ಸಲ ಸೀಟಿನಲ್ಲಿರುತ್ತದೆ.

ಪಾದದ್ದು ಬೇಗ ಮುಗಿಯುತ್ತದೆ. ಹೆಬ್ಬೆರಳಿನ ಬುಡದಲ್ಲಿ ಒಂದು ಉಬ್ಬು ಇದೆಯಲ್ಲ, ಅದು ಪೆಡಲಿನ ಅಚ್ಚಿನ ಮೇಲೆ ಬರಲಿ. ದೂರ ಹೋಗುವವರು ಕ್ಲೀಟನ್ನು (ಶೂವನ್ನು ಪೆಡಲಿಗೆ ಸಿಕ್ಕಿಸುವ ಅಟ್ಟೆಯ ಬಿಲ್ಲೆ) ಕೆಲವು ಮಿಲಿಮೀಟರ್ ಹಿಮ್ಮಡಿ ಕಡೆ ಸರಿಸಿದರೆ ಪಾದ ಉರಿಯುವುದು ಕಡಿಮೆಯಾಗುತ್ತದೆ.

ಸೀಟಿನ ಎತ್ತರ

ಇಲ್ಲಿ ಆತುರ ಬೇಡ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಪಾದಗಳ ನಡುವೆ ಹದಿನೈದು ಸೆಂಟಿಮೀಟರ್ ಅಂತರ ಇರಲಿ. ದಪ್ಪ ರಟ್ಟಿನ ಪುಸ್ತಕವನ್ನು ತೊಡೆಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಮೇಲಕ್ಕೆ ಒತ್ತಿ. ಪುಸ್ತಕದ ಒಂದು ಅಂಚು ಪೂರ್ತಿ ಗೋಡೆಗೆ ತಾಗಿರಬೇಕು, ಇಲ್ಲದಿದ್ದರೆ ಅದು ಓರೆಯಾಗಿ ಅಳತೆ ಕೆಡುತ್ತದೆ. ಮೇಲಿನ ಅಂಚಿಗೆ ಪೆನ್ಸಿಲ್ ಗುರುತು ಹಾಕಿ, ನೆಲದಿಂದ ಗುರುತಿನವರೆಗೆ ಅಳೆಯಿರಿ. ಇದೇ ಒಳಗಾಲಿನ ಉದ್ದ. ಎರಡು ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ.

ಈಗ ಲೆಕ್ಕ. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಂಡ್ ಹೆಸರಲ್ಲಿ ಪ್ರಚಾರಕ್ಕೆ ಬಂದ ಸೂತ್ರ ಒಂದಿದೆ: ಒಳಗಾಲಿನ ಉದ್ದ × 0.883. ಬಂದ ಉತ್ತರ, ಬಾಟಮ್ ಬ್ರಾಕೆಟ್‌ನ (ಪೆಡಲ್ ತೋಳುಗಳು ತಿರುಗುವ ಅಚ್ಚಿನ ಜಾಗ) ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ. ಅದಕ್ಕೂ ಹಳೆಯದು 1967ರಲ್ಲಿ ಸಂಶೋಧಕರಾದ ಹ್ಯಾಮ್ಲಿ ಮತ್ತು ಥಾಮಸ್ ಕೊಟ್ಟ ಲೆಕ್ಕ: ಪೆಡಲ್ ಕೆಳಗಿದ್ದಾಗ ಅದರ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಒಳಗಾಲಿನ ಉದ್ದದ ಶೇ. 109.

ಒಳಗಾಲು 80 ಸೆಂಟಿಮೀಟರ್ ಇದ್ದರೆ ಮೊದಲ ಸೂತ್ರದಲ್ಲಿ 70.6 ಬರುತ್ತದೆ. ಎರಡನೆಯದರಲ್ಲಿ 87.2. ಅದರಿಂದ ಕ್ರ್ಯಾಂಕಿನ (ಪೆಡಲ್ ಕೂರುವ ತೋಳು) ಉದ್ದ 170 ಮಿಲಿಮೀಟರ್ ಕಳೆದರೆ 70.2. ಬೇರೆ ಬೇರೆ ದಾರಿಯಲ್ಲಿ ಹೊರಟ ಎರಡು ಲೆಕ್ಕಗಳ ನಡುವೆ ನಾಲ್ಕೇ ಮಿಲಿಮೀಟರ್ ವ್ಯತ್ಯಾಸ! ಹಾಗಂತ ಇದೇ ಕೊನೆಯ ಮಾತಲ್ಲ, ಶುರು ಮಾಡುವ ಜಾಗ ಅಷ್ಟೇ. ಶೂ ಅಟ್ಟೆಯ ದಪ್ಪ, ಪಾದದ ಉದ್ದ, ನೀವು ಹಿಮ್ಮಡಿ ಎತ್ತಿ ತುಳಿಯುತ್ತೀರೋ ಇಳಿಸಿ ತುಳಿಯುತ್ತೀರೋ, ಇದ್ಯಾವುದೂ ಸೂತ್ರಕ್ಕೆ ಗೊತ್ತಿಲ್ಲ.

ಆದ್ದರಿಂದ ಲೆಕ್ಕ ಮುಗಿದ ಮೇಲೆ ಕಣ್ಣಿನ ಪರೀಕ್ಷೆ. ಹಿಂದಿನಿಂದ ಸ್ನೇಹಿತರೊಬ್ಬರು ವಿಡಿಯೋ ಮಾಡಲಿ. ತುಳಿಯುವಾಗ ಸೊಂಟ ಆ ಕಡೆ ಈ ಕಡೆ ವಾಲುತ್ತಿದ್ದರೆ ಸೀಟು ಜಾಸ್ತಿ ಎತ್ತರವಾಗಿದೆ. ಪಕ್ಕದಿಂದ ಫೋಟೋ ತೆಗೆದರೆ ಮಂಡಿಯ ಕೋನವೂ ಸಿಗುತ್ತದೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿ ಮಡಚಿರಬೇಕು. ನೋವೂ ದಿಕ್ಕು ತೋರಿಸುತ್ತದೆ: ಮಂಡಿಯ ಮುಂದೆ ನೋವಿದ್ದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂದೆ ನೋವಿದ್ದರೆ ಎತ್ತರ.

ಸೀಟು ಹಿಂದಕ್ಕೋ ಮುಂದಕ್ಕೋ

ಕ್ರ್ಯಾಂಕ್ ನೆಲಕ್ಕೆ ಸಮವಾಗಿದ್ದಾಗ ಮುಂದಿನ ಮಂಡಿಯಿಂದ ತೂಗುಬಿಟ್ಟ ದಾರ ಪೆಡಲಿನ ಅಚ್ಚನ್ನು ಹಾಯಬೇಕು ಅಂತ ಹಳೆಯ ನಿಯಮ. ದಾರಕ್ಕೆ ಒಂದು ನಟ್ ಕಟ್ಟಿದರೆ ಸಾಕು, ನೀವೇ ನೋಡಬಹುದು. ಆದರೆ ಈ ನಿಯಮಕ್ಕೆ ದೇಹದ ಲೆಕ್ಕದಲ್ಲಿ ಗಟ್ಟಿ ಆಧಾರವಿಲ್ಲ ಅಂತ ಸೈಕಲ್ ತಯಾರಕ ಕೀತ್ ಬಾಂಟ್ರಾಗರ್ ವಾದಿಸಿದ್ದರು. ಮುಖ್ಯವಾದದ್ದು ತೂಕದ ಸಮತೋಲ ಅನ್ನುವ ಅವರ ಮಾತು ನನಗೆ ಒಪ್ಪಿಗೆ.

ಸಮತೋಲ ನೋಡಲು ಒಂದು ಪರೀಕ್ಷೆ ಇದೆ. ಇಂಡೋರ್ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡ್) ಮೇಲೆ ಸಾಧಾರಣ ಜೋರಿನಲ್ಲಿ ತುಳಿಯುತ್ತಾ, ಬೆನ್ನಿನ ಬಾಗು ಬದಲಿಸದೆ, ಹ್ಯಾಂಡಲ್‌ನಿಂದ ಕೈಗಳನ್ನು ಒಂದಿಂಚು ಎತ್ತಿ. ಮೈ ತಕ್ಷಣ ಮುಂದಕ್ಕೆ ಮುಗ್ಗರಿಸಿದರೆ ಮೈಭಾರವೆಲ್ಲ ಅಂಗೈ ಹೊರುತ್ತಿದೆ ಅಂತ ಅರ್ಥ. ಸೀಟು ತುಂಬಾ ಮುಂದಿರಬಹುದು, ಇಲ್ಲವೇ ಅದರ ಮೂತಿ ಕೆಳಗೆ ವಾಲಿ ನಿಮ್ಮನ್ನು ಜಾರಿಸುತ್ತಿರಬಹುದು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುವುದು ಇಂಥವರಿಗೇ ಜಾಸ್ತಿ. ಆ ಬೆರಳುಗಳ ನರ ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುತ್ತದೆ, ಭಾರ ಬೀಳುವುದೂ ಅಲ್ಲೇ ಅಲ್ವಾ?

ಮೊದಲು ರಸಮಟ್ಟ ಇಟ್ಟು ಸೀಟನ್ನು ಸಮ ಮಾಡಿ. ತೊಡೆಸಂದಿ ಮರಗಟ್ಟುತ್ತಿದ್ದರೆ ಮೂತಿಯನ್ನು ಒಂದೆರಡು ಡಿಗ್ರಿ ಮಾತ್ರ ಇಳಿಸಿ. ಆಮೇಲೆ ಸೀಟನ್ನು ಹಿಂದಕ್ಕೆ ಸರಿಸಿ, ಒಮ್ಮೆಗೆ ಐದು ಮಿಲಿಮೀಟರ್. ಸೀಟು ಹಿಂದೆ ಹೋದಾಗ ಪೆಡಲಿನಿಂದ ದೂರವೂ ಆಗುತ್ತದೆ ಅನ್ನುವುದು ಹೆಚ್ಚಿನವರಿಗೆ ತಪ್ಪಿಹೋಗುವ ವಿಷಯ. 73 ಡಿಗ್ರಿ ಸೀಟ್ ಟ್ಯೂಬ್ (ಸೀಟು ಹೊರುವ, ನೆಲಕ್ಕೆ ಅಷ್ಟು ಕೋನದಲ್ಲಿರುವ ಕೊಳವೆ) ಇರುವ ಸೈಕಲ್ಲಿನಲ್ಲಿ ಒಂದು ಸೆಂಟಿಮೀಟರ್ ಹಿಂದೆ ಸರಿಸಿದರೆ ಸುಮಾರು ಮೂರು ಮಿಲಿಮೀಟರ್ ಎತ್ತರಿಸಿದ ಹಾಗೆ. ಅಷ್ಟು ಇಳಿಸಿಕೊಳ್ಳಿ.

ಮೆತ್ತನೆ ಜೆಲ್ ಕವರ್ ಬಗ್ಗೆ ನನ್ನ ಅಭಿಪ್ರಾಯ ನೇರ: ದೂರಕ್ಕೆ ಬೇಡ. ಕೂರುವ ಮೂಳೆಗಳು ಅದರಲ್ಲಿ ಹೂತುಹೋಗಿ, ಭಾರ ಹೊರಬಾರದ ಮೃದು ಭಾಗದ ಮೇಲೆ ಒತ್ತಡ ಬೀಳುತ್ತದೆ. ಮೂಳೆಗಳ ಅಗಲಕ್ಕೆ ಹೊಂದುವ ಗಟ್ಟಿ ಸೀಟು, ಒಳ ಉಡುಪಿಲ್ಲದೆ ಹಾಕುವ ಪ್ಯಾಡ್ ಇರುವ ಶಾರ್ಟ್ಸ್, ಇಷ್ಟು ಸಾಕು.

ಕೊನೆಗೆ ಹ್ಯಾಂಡಲ್

ಸೀಟು ಸರಿಯಾದ ಮೇಲೂ ಕೈ ಚಾಚಬೇಕಾಗುತ್ತಿದೆ, ಮೊಣಕೈ ಮಡಚಲು ಆಗುತ್ತಿಲ್ಲ ಅಂದರೆ ಆಗ ಸ್ಟೆಮ್ ಮುಟ್ಟಿ. 100 ಮಿಲಿಮೀಟರ್ ಇದ್ದರೆ 90 ಹಾಕಿ ನೋಡಿ. ಕತ್ತು ನೋವಿದ್ದರೆ ಸ್ಟೆಮ್ ಕೆಳಗೆ ಸ್ಪೇಸರ್ (ಎತ್ತರ ಕೊಡುವ ಬಳೆ) ಸೇರಿಸಿ ಹ್ಯಾಂಡಲ್ ಎತ್ತರಿಸಿ, ಫೋರ್ಕ್ ಟ್ಯೂಬಿನಲ್ಲಿ ಜಾಗ ಇದ್ದರೆ. ಚಾಚು ಕಡಿಮೆ ಮಾಡಲೆಂದು ಮಾತ್ರ ಸೀಟನ್ನು ಮುಂದೆ ಎಳೆಯಬೇಡಿ. ಸರಿ ಮಾಡಿದ ಸಮತೋಲವನ್ನೇ ಅದು ಕೆಡಿಸುತ್ತದೆ. 60 ಮಿಲಿಮೀಟರ್ ಸ್ಟೆಮ್ ಹಾಕಿದರೂ ಹ್ಯಾಂಡಲ್ ಎಟುಕದಿದ್ದರೆ ಫ್ರೇಮೇ ದೊಡ್ಡದು. ಬರೀ ಎತ್ತರ ಕೇಳಿ ಸೈಜ್ ಕೊಡುವ ಅಂಗಡಿಗಳಲ್ಲಿ ಹೀಗಾಗುವುದುಂಟು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲುದ್ದ, ಇನ್ನೊಬ್ಬರಿಗೆ ಮುಂಡ ಉದ್ದ ಇರುತ್ತದೆ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಕೆಲವು ಸವಾರಿ ನೋಡಿ, ಅಳತೆ ಬರೆದಿಡಿ. ಸೀಟ್‌ಪೋಸ್ಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿದರೆ ಬಸ್ಸಿನಲ್ಲಿ ಸೈಕಲ್ ಒಯ್ಯಲು ಬಿಚ್ಚಿದ ಮೇಲೂ ಅದೇ ಎತ್ತರಕ್ಕೆ ಕೂರಿಸಬಹುದು. ಎರಡು ಕಾಲಿನ ಉದ್ದದಲ್ಲಿ ವ್ಯತ್ಯಾಸ ಇರುವವರು, ಹಳೆಯ ಬೆನ್ನು ನೋವು ಇರುವವರು ಅನುಭವಿ ಫಿಟ್ಟರ್ ಬಳಿ ಹೋಗುವುದು ಒಳ್ಳೆಯದು. ಸವಾರಿ ಮುಗಿದು ಎರಡು ದಿನ ಕಳೆದರೂ ಬೆರಳಿನ ಜೋಮು ಬಿಡದಿದ್ದರೆ ಫಿಟ್ಟರ್ ಬಳಿ ಅಲ್ಲ, ಡಾಕ್ಟರ್ ಬಳಿ ಹೋಗಿ.