ಗಣಿಗೆ ‘ಪುನರ್ವಸತಿ’ ಅಂದ್ರೆ ಮನೆ ಯಾರಿಗೆ?

ಮುಧೋಳ ತಾಲ್ಲೂಕಿನ ಒಂದೂರು. ಸುಣ್ಣದಕಲ್ಲಿನ ಗಣಿ ಬಗ್ಗೆ ಅಹವಾಲು ಸಭೆ. ಕೈಗೆ ಕೊಟ್ಟ ಹಾಳೆಯಲ್ಲಿ ‘ಗಣಿ ಪ್ರದೇಶದ ಪುನರ್ವಸತಿ ಯೋಜನೆ’ ಅಂತ ಅಚ್ಚಾಗಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನು ಎರಡು ಸಲ ಓದಿ ಕೇಳಿದರು: “ನಮ್ಮೂರ್ನೂ ಎಬ್ಬಸ್ತಾರೇನ್ರಿ? ಪ್ಲಾಟ್ ಎಲ್ಲಿ ಕೊಡ್ತಾರ?”

ತಪ್ಪು ಅವರದಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಪುನರ್ವಸತಿ ಅಂದ ಕೂಡಲೇ ಕಣ್ಣಿಗೆ ಬರೋದು ಆಲಮಟ್ಟಿ ಹಿನ್ನೀರು, ಮುಳುಗಡೆ, ಪರಿಹಾರದ ಕಡತ, ಮುಳುಗಡೆಯಾದವರಿಗೆ ಕಟ್ಟಿದ ನವನಗರ. ಅದೇ ಪದವನ್ನು ಗಣಿಯ ಗುಂಡಿಗೂ ಅಂಟಿಸಿದ್ದನ್ನು ಮೊನ್ನೆ ಮತ್ತೆ ಸುದ್ದಿಯಲ್ಲಿ ಓದಿದೆ. ಇನ್ನು ಸುಮ್ನಿರೋಕಾಗಲ್ಲ.

‘ವಸತಿ’ಯ ಬೇರು ‘ವಸ್’, ಅಂದರೆ ವಾಸಿಸು. ನಮ್ಮ ‘ಬಸದಿ’ಯೂ ಇದೇ ವಸತಿಯ ತದ್ಭವ. ಅಲ್ಲಿಗೆ ಈ ಪದಕ್ಕೆ ವಾಸ ಮಾಡೋರು ಬೇಕೇ ಬೇಕು. ಕಲ್ಲು ತೆಗೆದ ಗುಂಡಿಯಲ್ಲಿ ಯಾರಿದ್ದಾರೆ? ಎಡವಟ್ಟಾಗಿರೋದು ಇಂಗ್ಲಿಷಿನ ‘ರಿಹ್ಯಾಬಿಲಿಟೇಶನ್’ನಿಂದ. ಅದನ್ನು ಜನಕ್ಕೂ ಬಳಸುತ್ತಾರೆ, ನೆಲಕ್ಕೂ ಬಳಸುತ್ತಾರೆ. ತಮಾಷೆ ಅಂದರೆ ಆ ಪದದೊಳಗೆ ಮನೆಯೇ ಇಲ್ಲ. ಅದರ ಮೂಲ ಲ್ಯಾಟಿನ್ನಿನ ‘ಹ್ಯಾಬಿಲಿಸ್’, ಅಂದರೆ ತಕ್ಕದ್ದು, ಕೆಲಸಕ್ಕೆ ಬರುವಂಥದ್ದು. ಇದಕ್ಕೆ ನಮ್ಮ ರೈತರ ಬಾಯಲ್ಲಿ ಪದ ಇದೆಯಲ್ವಾ? ಹದ! ಕೆಟ್ಟ ನೆಲವನ್ನು ಮತ್ತೆ ಹದಕ್ಕೆ ತರೋದು, ಅಷ್ಟೇ ವಿಷಯ. ಕಚೇರಿಗೆ ಸಂಸ್ಕೃತವೇ ಬೇಕಿದ್ದರೆ ‘ಪುನಶ್ಚೇತನ’ ಅನ್ನಲಿ, ಕೆರೆಗೆ ಅನ್ನುತ್ತಾರಲ್ಲ.

‘ಗಣಿ ಮುಚ್ಚುವ ಯೋಜನೆ’ಯದೂ ಇದೇ ಪಾಡು. ಅಂದರೆ ನಾಳೆ ಗೇಟಿಗೆ ಬೀಗ ಅಂತಲ್ಲ. ನೆಲವನ್ನು ಮತ್ತೆ ಹೇಗೆ ಹದಕ್ಕೆ ತರೋದು ಅಂತ ಗಣಿ ನಡೆಯುತ್ತಿರುವಾಗಲೇ ಐದೈದು ವರ್ಷಕ್ಕೆ ಬರೆದು ಒಪ್ಪಿಸುವ ಯೋಜನೆ ಒಂದು, ಮುಚ್ಚೋದಕ್ಕೆ ಎರಡು ವರ್ಷ ಮೊದಲೇ ಕೊಡಬೇಕಾದ ಕೊನೆಯ ಯೋಜನೆ ಇನ್ನೊಂದು. ಸುಣ್ಣದಕಲ್ಲಿನದನ್ನು ನೋಡೋದು ಭಾರತೀಯ ಗಣಿ ಬ್ಯೂರೋ. ಇಳಕಲ್ಲಿನ ಕೆಂಪು ಗ್ರಾನೈಟ್ ಉಪಖನಿಜ, ಅದರ ಕಡತ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ.

ಈ ಯೋಜನೆಗಳ ‘ಪರಿಶೀಲನೆ’ ಅಂದರೂ ಬರೀ ಠಸ್ಸೆ ಒತ್ತೋದಲ್ಲ. ಮೇಲಿನ ಎರೆಮಣ್ಣನ್ನು ಬೇರೆಯಾಗಿ ಒಟ್ಟಿಡುತ್ತಾರಾ? ಕಲ್ಲಿನ ರಾಶಿಯಲ್ಲಿ ಕಲೆಸಿಬಿಟ್ಟರೆ ಮುಗೀತು, ಆ ಮಣ್ಣು ಮತ್ತೆ ಸಿಗಲ್ಲ. ರಾಶಿಯ ಇಳಿಜಾರು ಎಷ್ಟು, ಮಳೆನೀರು ಹೊಲಕ್ಕೆ ನುಗ್ಗದಂತೆ ಸುತ್ತ ಕಾಲುವೆ ಇದೆಯಾ, ಗುಂಡಿಯ ಗೋಡೆ ಮೆಟ್ಟಿಲು ಮೆಟ್ಟಿಲಾಗಿದೆಯಾ, ಎಲ್ಲಾ ನೋಡಬೇಕು. ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ 2021ರ ತಿದ್ದುಪಡಿ ಪ್ರಕಾರ ‘ಎ’ ವರ್ಗದ (ಭಾರೀ ಯಂತ್ರ ಬಳಸುವ ಇಲ್ಲವೇ ಹೆಚ್ಚು ಕೆಲಸಗಾರರಿರುವ) ಗಣಿಗೆ ಹೆಕ್ಟೇರಿಗೆ 5 ಲಕ್ಷ, ಉಳಿದ ‘ಬಿ’ ವರ್ಗಕ್ಕೆ 3 ಲಕ್ಷ ರೂಪಾಯಿ ಲೆಕ್ಕದಲ್ಲಿ ಹಣಕಾಸಿನ ಭದ್ರತೆಯನ್ನೂ ಇಡಬೇಕು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು, ಮೇವು ಬೆಳೆಯುವಂತೆ ಮಾಡಬೇಕು. ದನ ಇರೋರಿಗೆ ಈ ಆದೇಶ ಬಿಡಿಸಿ ಹೇಳಬೇಕಿಲ್ಲ.

ಹದ ಅಂದರೆ ಎಲ್ಲಾ ಕಡೆ ಹೊಲವೇ ಆಗಬೇಕು ಅಂತನೂ ಅಲ್ಲ. ಸುಣ್ಣದಕಲ್ಲಿನ ಗಣಿಯಲ್ಲಿ ತೆಗೆದದ್ದರಲ್ಲಿ ಜಾಸ್ತಿ ಪಾಲು ಮಾರಾಟಕ್ಕೇ ಹೋಗುತ್ತದೆ. ತುಂಬಲು ಮಣ್ಣು ಸಾಲಲ್ಲ, ಕೊನೆಗೆ ನೀರಿನ ಹೊಂಡ ಉಳಿಯುತ್ತದೆ. ಅದೂ ಸರಿಯೇ, ಬೇಲಿ ಇದ್ದು ಇಳಿಯಲು ದಾರಿ ಇದ್ದರೆ.

ಇಷ್ಟನ್ನೂ ಆ ಹಿರಿಯರಿಗೆ ಹೇಳಿದೆ. ಪ್ಲಾಟಿನ ಮಾತು ಬಿಟ್ಟರು. ಹಾಳೆ ಮಡಚಿಕೊಂಡು ಎದ್ದು ನಿಂತು ವೇದಿಕೆಗೆ ಕೇಳಿದರು: “ನಮ್ಮ ಎರಿಮಣ್ಣ ಎಲ್ಲಿ ಒಟ್ಟತೀರಿ, ಅದನ್ನ ಮೊದಲ ಹೇಳ್ರಿ.”