ಕೆರೆಯ ರೋಹು ಯಾಕೆ ತತ್ತಿ ಇಡಲ್ಲ? ಬಾಹ್ಯ ನಿಶೇಚನದ ಟಿಪ್ಪಣಿ

ಧಾರವಾಡದ ಕೆಲಗೇರಿ ಕೆರೆ ದಂಡೆಯಲ್ಲಿ ಅಜ್ಜ ಒಬ್ಬರು ಬಲೆ ಬಿಡಿಸುತ್ತಾ ಕೂತಿದ್ದರು. "ಅಜ್ಜಾರ, ಇಲ್ಲಿ ರೋಹು ಮೀನು ತತ್ತಿ ಇಡತಾವೇನ್ರಿ?" ಅಂದೆ. "ಇಲ್ಲೋ ತಮ್ಮಾ, ಬರೇ ಬೆಳಿತಾವ. ಮರಿ ತಂದು ಬಿಡಬೇಕು" ಅಂದರು. ಬಾಹ್ಯ ನಿಶೇಚನದ ಪಾಠ ನನಗೆ ತಿಳಿದದ್ದು ಆ ಮಾತಿನಿಂದ.

ಹೆಣ್ಣು ನೀರಿಗೆ ತತ್ತಿ ಬಿಡುತ್ತದೆ, ಗಂಡು ವೀರ್ಯಾಣು ಬಿಡುತ್ತದೆ, ಎರಡೂ ಮೈಯ ಹೊರಗೆ ಕೂಡುತ್ತವೆ. ಇದೇ ಬಾಹ್ಯ ನಿಶೇಚನ. ಇಷ್ಟು ಎಲ್ಲರಿಗೂ ಬಾಯಿಪಾಠ. ತತ್ತಿ ಲಕ್ಷಗಟ್ಟಲೆ ಯಾಕೆ ಅಂದರೆ, ಬಹಳಷ್ಟು ಹಾಳಾಗುತ್ತವೆ ಅಂತ ಪರೀಕ್ಷೆಯಲ್ಲಿ ಬರೆಯುತ್ತೇವೆ. ಸರಿ, ಆದರೆ ಅದು ಅರ್ಧ ಉತ್ತರ. ನಿಜವಾದ ಕಷ್ಟ ಹೊತ್ತಿನದು.

ರೋಹುವಿನ ವೀರ್ಯಾಣು ಗಂಡಿನ ಮೈಯೊಳಗೆ ಅಲುಗಾಡುವುದೇ ಇಲ್ಲ. ಮೈಯೊಳಗಿನ ದ್ರವಕ್ಕಿಂತ ಹೊಳೆ ನೀರಿನಲ್ಲಿ ಉಪ್ಪು ತೀರಾ ಕಡಿಮೆ. ಆ ನೀರು ತಾಗಿದ್ದೇ ತಡ, ಈಜಲು ಶುರು. ಒಂದೆರಡು ನಿಮಿಷದಲ್ಲಿ ಶಕ್ತಿ ಮುಗಿಯಿತು. ಇತ್ತ ತತ್ತಿಯಲ್ಲಿ ಒಳಗೆ ಹೋಗಲು ಇರುವುದು ಸೂಜಿಮೊನೆಗಿಂತ ಸಣ್ಣ ಒಂದೇ ತೂತು. ತತ್ತಿ ನೀರು ಕುಡಿದು ಉಬ್ಬಿದಂತೆ ಅದೂ ಮುಚ್ಚುತ್ತದೆ. ಅಂದರೆ ಗಂಡು ಹೆಣ್ಣು ಎರಡೂ ಒಂದೇ ಗಳಿಗೆಗೆ ಬಿಡಬೇಕು.

ಆ ಗಳಿಗೆ ಗೊತ್ತಾಗುವುದು ಹೇಗೆ? ರೋಹು, ಕಾಟ್ಲಾ ಮೀನುಗಳಿಗೆ ಮಳೆಗಾಲದ ಹರಿಯುವ ಹೊಸ ನೀರೇ ಸೂಚನೆ. ನಿಂತ ಕೆರೆಯಲ್ಲಿ ಹೊಟ್ಟೆ ತುಂಬ ತತ್ತಿ ಇದ್ದರೂ ಆ ಸೂಚನೆ ಸಿಗಲ್ಲ. ತತ್ತಿ ಮೈಯಲ್ಲೇ ಕರಗುತ್ತವೆ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಇದಕ್ಕೆ ದಾರಿ ಕಂಡುಕೊಂಡರು. ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿದರೆ ನಿಂತ ನೀರಲ್ಲೂ ಮೀನು ತತ್ತಿ ಬಿಟ್ಟಿತು! ಇವತ್ತು ಕೆರೆಗೆ ತಂದು ಬಿಡುವ ಮರಿಗಳ ಹಿಂದೆ ಇರುವುದು ಇದೇ ಉಪಾಯ.

ಇನ್ನು ಕಪ್ಪೆ. ಗಂಡು ಹೆಣ್ಣಿನ ಬೆನ್ನೇರಿ ತಬ್ಬಿ ಹಿಡಿಯುತ್ತದೆ, ಅದನ್ನು ನೋಡಿ 'ಆಂತರಿಕ', ಅಂದರೆ ಮೈಯೊಳಗಿನ ನಿಶೇಚನ ಅಂತ ಬರೆದು ನಾನೇ ಒಂದು ಅಂಕ ಕಳೆದುಕೊಂಡಿದ್ದೇನೆ. ತಬ್ಬುವುದು ಹತ್ತಿರ ಇರಲಿಕ್ಕೆ ಮಾತ್ರ. ತತ್ತಿ ಹೊರಬರುತ್ತಿದ್ದಂತೆ ಗಂಡು ಅದರ ಮೇಲೆಯೇ ವೀರ್ಯಾಣು ಬಿಡುತ್ತದೆ. ಮಳೆ ಸುರಿದ ಮರುದಿನ ಮನೆ ಹಿಂದಿನ ಗುಂಡಿಯಲ್ಲಿ ನೋಡಿ, ನೆನೆದ ಸಾಬೂದಾನಿ ಹಾಗೆ ಲೋಳೆ, ಒಂದೊಂದರಲ್ಲೂ ಕರಿ ಚುಕ್ಕೆ. ಇಷ್ಟು ಹತ್ತಿರ ಇರುವುದರಿಂದ ಗುರಿ ತಪ್ಪುವುದು ಕಡಿಮೆ. ಕಪ್ಪೆಯ ಲೆಕ್ಕ ಸಾವಿರಗಳಲ್ಲಿ, ರೋಹುವಿನದು ಲಕ್ಷಗಳಲ್ಲಿ.

ಒಂದು ಎಚ್ಚರಿಕೆ: 'ಎಲ್ಲ ಮೀನುಗಳಲ್ಲೂ ಬಾಹ್ಯ ನಿಶೇಚನ' ಅಂತ ಮಾತ್ರ ಬರೆಯಬೇಡಿ. ಸೊಳ್ಳೆ ಮರಿ ತಿನ್ನಲಿ ಅಂತ ನೀರಿನ ತೊಟ್ಟಿಗೆ ಬಿಡುತ್ತಾರಲ್ಲ, ಆ ಗಪ್ಪಿಯಲ್ಲಿ ನಿಶೇಚನ ಒಳಗೇ ಆಗುತ್ತದೆ, ಹುಟ್ಟುವುದೂ ಈಜುವ ಮರಿಯೇ. ಅದಕ್ಕೆ ಹೊಳೆಯೂ ಬೇಡ, ಹೊಸ ನೀರೂ ಬೇಡ. ನಾಲ್ಕು ಬಿಟ್ಟರೆ ಕೆಲವು ತಿಂಗಳಲ್ಲಿ ತೊಟ್ಟಿ ತುಂಬ ಗಪ್ಪಿ.